ನಾಲ್ಕನೆಯದು ಬರಲಿಲ್ಲ ಅಂತ ತೋರಿಸೋದು ಹೇಗೆ?

ಟೆಸ್ಟ್ ಒಂದು ಸಲ ಪಾಸಾಗುತ್ತೆ, ಇನ್ನೊಂದು ಸಲ ಫೇಲಾಗುತ್ತೆ ಅಂತ ಬೇಜಾರು ಮಾಡ್ಕೋಬೇಡ ಕಣಮ್ಮ. ಆದರೆ ಪಾಸಾಗೋವರೆಗೂ ಮತ್ತೆ ಮತ್ತೆ ಓಡಿಸಿ, ಆದ ಕೂಡಲೇ ಕೋಡ್ ಕಳಿಸಿಬಿಡೋ ಅಭ್ಯಾಸ ಮಾತ್ರ ಬೇಡ. ಒಂದೋ ನಿನ್ನ ಕೋಡಲ್ಲಿ ತಪ್ಪಿದೆ, ಇಲ್ಲ ಟೆಸ್ಟೇ ಅದೃಷ್ಟ ನಂಬಿಕೊಂಡು ಕೂತಿದೆ. ಯಾವುದು ಅಂತ ಗೊತ್ತಾಗೋವರೆಗೂ ಅದನ್ನ ಬಿಡಬಾರದು.

ಗೋ ಭಾಷೆಯಲ್ಲಿ ಬರೀತಿದೀನಿ ಅಂದೆಯಲ್ಲ, ಒಳ್ಳೇದೇ ಆಯ್ತು. ಗೂಗಲ್‌ನವರು 2009ರಲ್ಲಿ ಹೊರಗೆ ಬಿಟ್ಟ ಭಾಷೆ ಅದು. ಒಂದೇ ಹೊತ್ತಿಗೆ ಹಲವು ಕೆಲಸ ನಡೆಸೋದು ಅದಕ್ಕೆ ಹುಟ್ಟಿನಿಂದಲೇ ಬಂದ ಗುಣ. ಫಂಕ್ಷನ್ ಕರೆಯೋ ಕಡೆ ಮುಂದೆ 'ಗೋ' ಅಂತ ಸೇರಿಸಿದರೆ ಸಾಕು, ಅದು ಬೇರೆ ಗೋರೂಟೀನ್ ಆಗಿ ಹೊರಟೇಬಿಡುತ್ತೆ. ಹೊರಡಿಸೋದು ಸಲೀಸು. ಯಾವುದು ಮೊದಲು ಮುಗಿಯುತ್ತೆ ಅಂತ ಹೇಳೋರು ಯಾರೂ ಇಲ್ಲ. ಹತ್ತು ವಿಳಾಸಕ್ಕೆ ರಿಕ್ವೆಸ್ಟ್ ಕಳಿಸಬೇಕು, ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಇರಬಾರದು, ತಡವಾದದ್ದನ್ನ ಕೈಬಿಡಬೇಕು. ಇಷ್ಟೇ ತಾನೇ ನಿನ್ನ ಕ್ಲೈಂಟ್ ಮಾಡೋ ಕೆಲಸ?

ಮೊದಲು ಹೊರಗಿನ ಸರ್ವರ್ ಸಹವಾಸ ಬಿಡು. ಎಚ್‌ಟಿಟಿಪಿಟೆಸ್ಟ್ ಅನ್ನೋ ಪ್ಯಾಕೇಜ್ ಭಾಷೆಯ ಜೊತೆಗೇ ಬರುತ್ತೆ. ಅದು ನಿನ್ನ ಕಂಪ್ಯೂಟರಿನಲ್ಲೇ, 127.0.0.1ರಲ್ಲಿ, ಆ ಹೊತ್ತಿಗೆ ಖಾಲಿ ಇರೋ ಪೋರ್ಟ್ ಹಿಡಿದು ನಿಜವಾದ ಸರ್ವರನ್ನೇ ಎಬ್ಬಿಸುತ್ತೆ. ಉತ್ತರ ಯಾವಾಗ ಕೊಡಬೇಕು, ಕೊಡಲೇಬಾರದಾ, ಅರ್ಧ ಕೊಟ್ಟು ನಿಲ್ಲಿಸಬೇಕಾ, ಎಲ್ಲ ನಿನ್ನ ಕೈಲಿ.

ಆಮೇಲೆ ಟೆಸ್ಟಿನಲ್ಲಿ ಹಾಕಿರೋ ಸ್ಲೀಪ್ ತೆಗೆದುಹಾಕು. ನೂರು ಮಿಲಿಸೆಕೆಂಡ್ ಮಲಗಿಸಿ, ಅಷ್ಟರಲ್ಲಿ ಆಗಿರುತ್ತೆ ಅಂದುಕೊಳ್ಳೋದು ಇದೆಯಲ್ಲ, ಅದು ಬರೀ ಊಹೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಸಾಕಾಗಿದ್ದು, ನಿಮ್ಮ ಆಫೀಸಿನ ಬಿಲ್ಡ್ ಮೆಷಿನ್ ಇನ್ನೂ ನಾಲ್ಕು ಕೆಲಸ ಹೊತ್ತುಕೊಂಡಿರುವಾಗ ಸಾಕಾಗಲ್ಲ. ಅನ್ನ ಆಯ್ತಾ ಅಂತ ಅಮ್ಮ ಗಡಿಯಾರ ನೋಡ್ತಾರಾ? ಕುಕ್ಕರ್ ಕೂಗೋದಕ್ಕೆ ಕಿವಿ ಕೊಡ್ತಾರೆ. ಹಾಗೆ ಸರ್ವರಿನ ಹ್ಯಾಂಡ್ಲರ್ ಚಾನೆಲ್ಲಿನಲ್ಲಿ 'ಬಂತು' ಅಂತ ತಿಳಿಸಲಿ, ಟೆಸ್ಟ್ ಅದಕ್ಕೆ ಕಾಯಲಿ.

ಓಡಿಸುವಾಗ ರೇಸ್ ಡಿಟೆಕ್ಟರ್ ಹಾಕೋದು ಮರೀಬೇಡ. 2013ರಲ್ಲಿ ಗೋ 1.1 ಜೊತೆ ಬಂದದ್ದು. ಒಂದೇ ವೇರಿಯಬಲ್ಲನ್ನ ಇಬ್ಬರು ಕಾವಲಿಲ್ಲದೆ ಮುಟ್ಟಿದರೆ, ಅದರಲ್ಲೊಬ್ಬ ಬರೆಯೋನಾಗಿದ್ದರೆ, ಎರಡೂ ಸಾಲಿನ ಸಂಖ್ಯೆ ಸಮೇತ ಹಿಡಿದು ಕೊಡುತ್ತೆ. ಮೆಮೊರಿ ಐದರಿಂದ ಹತ್ತು ಪಟ್ಟು, ಸಮಯ ಎರಡರಿಂದ ಇಪ್ಪತ್ತು ಪಟ್ಟು ಹಿಡಿಯಬಹುದು. ಹಿಡಿಯಲಿ ಬಿಡು. ಆದರೆ ಓಡಿದ ದಾರಿಯಲ್ಲಿ ಕಂಡದ್ದನ್ನಷ್ಟೇ ಅದು ಹೇಳುತ್ತೆ, ಓಡದ ದಾರಿಯ ವಿಷಯ ಅದಕ್ಕೆ ತಿಳಿಯಲ್ಲ.

'ಇಷ್ಟೊಂದು ಹಚ್ಚಿಕೋಬೇಕಾ ಅಂಕಲ್' ಅಂತೀಯಾ? 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದ ಒಂಟಾರಿಯೋದಲ್ಲೂ ಸುಮಾರು ಐದು ಕೋಟಿ ಜನಕ್ಕೆ ಕರೆಂಟ್ ಹೋಯ್ತು. ತಂತಿ ಮರಕ್ಕೆ ತಗುಲಿದ್ದು ಒಂದು ಕಾರಣ. ಅದು ಕಂಟ್ರೋಲ್ ರೂಮಿನವರಿಗೆ ಗೊತ್ತೇ ಆಗದೆ ಹೋದದ್ದಕ್ಕೆ ಕಾರಣ ಇನ್ನೊಂದು: ಓಹಾಯೋದ ಕಂಪನಿಯಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಬಿಟ್ಟಿತ್ತು. ಎರಡು ಪ್ರೋಸೆಸ್ ಒಂದೇ ಡೇಟಾಗೆ ಒಟ್ಟಿಗೆ ಬರೆಯೋಕೆ ಹೋದದ್ದು ಮೂಲ. ಅದನ್ನ ಹುಡುಕಿದ ಎಂಜಿನಿಯರುಗಳು ಬೇಕಂತಲೇ ಕೋಡಿನೊಳಗೆ ತಡ ತುರುಕಿ, ವ್ಯವಸ್ಥೆಯನ್ನ ನಿಧಾನ ಮಾಡಿದ ಮೇಲೇ ದೋಷ ಮತ್ತೆ ಕಾಣಿಸಿಕೊಂಡಿತು. ಯಾವುದರ ಹಿಂದೆ ಯಾವುದು ಅನ್ನೋ ಸರದಿ ನಮ್ಮ ಕೈಗೆ ಬರಬೇಕು ಕಣಮ್ಮ, ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ.

ಈಗ ನಿನ್ನ ಮೂರರ ಮಿತಿಗೆ ಬರೋಣ, ಇದು ನಿಜಕ್ಕೂ ಚೆಂದದ ಸಮಸ್ಯೆ. ಮೂರು ಬಂತು ಅಂತ ತೋರಿಸೋದು ಸುಲಭ, ಮೂರು ಸಲ 'ಬಂತು' ಕೇಳಿಸಿಕೊಂಡರೆ ಆಯ್ತು. ನಾಲ್ಕನೆಯದು ಬರಲಿಲ್ಲ ಅಂತ ತೋರಿಸೋದು? ಎಷ್ಟು ಹೊತ್ತು ಕಾಯ್ತೀಯ? ಒಂದು ಸೆಕೆಂಡ್ ಕಾದೆ, ಬರಲಿಲ್ಲ. ಆಮೇಲೆ ಬರ್ತಿತ್ತೋ ಏನೋ. ಇಂಥಾ ಕಡೆ ಸ್ಲೀಪ್ ಬಿಟ್ಟರೆ ಗತಿಯಿಲ್ಲ ಅಂತ ಎಷ್ಟೋ ಜನ ಸೋತು ಕೂತಿದ್ದರು. 2025ರ ಆಗಸ್ಟಿನಲ್ಲಿ ಗೋ 1.25 ಜೊತೆ ಸಿಂಕ್‌ಟೆಸ್ಟ್ ಅನ್ನೋ ಪ್ಯಾಕೇಜ್ ಪೂರ್ತಿಯಾಗಿ ಬಂತಲ್ಲ, ನನಗೆ ಹಬ್ಬದ ಹಾಗಾಯ್ತು. ಟೆಸ್ಟನ್ನ ಒಂದು ಬಬಲ್ ಒಳಗೆ ಓಡಿಸುತ್ತೆ. ಒಳಗಿನ ಗಡಿಯಾರ ಬೇರೆ, 2000ದ ಜನವರಿ 1ರ ಮಧ್ಯರಾತ್ರಿಯಿಂದ ಶುರು. ಒಳಗಿರೋ ಗೋರೂಟೀನುಗಳೆಲ್ಲ ಕಾಯ್ತಾ ನಿಂತಾಗ ಮಾತ್ರ ಅದು ಮುಂದಕ್ಕೆ ಹಾರುತ್ತೆ. ಮೂವತ್ತು ಸೆಕೆಂಡಿನ ಟೈಮೌಟ್ ಪರೀಕ್ಷೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಅದರಲ್ಲಿರೋ ವೇಟ್ ಕರೆದರೆ, ಉಳಿದವರೆಲ್ಲ ಇನ್ನು ಕದಲಲಾರರು ಅನ್ನೋವರೆಗೆ ನಿಂತು ವಾಪಸ್ ಬರುತ್ತೆ. ಆಗ ಲೆಕ್ಕ ನೋಡು. ಮೂರಿದ್ದರೆ ಮೂರೇ. ಒಂದನ್ನ ಬಿಟ್ಟುಕೊಟ್ಟು ಮತ್ತೆ ವೇಟ್ ಮಾಡು, ಆಗ ತಾನೇ ನಾಲ್ಕನೆಯದು ಬರಬೇಕು.

ಒಂದು ತೊಡಕಿದೆ. ನಿಜವಾದ ನೆಟ್‌ವರ್ಕಿನಲ್ಲಿ ಕಾಯ್ತಿರೋ ಗೋರೂಟೀನನ್ನ ಸಿಂಕ್‌ಟೆಸ್ಟ್ 'ನಿಂತಿದೆ' ಅಂತ ಎಣಿಸಲ್ಲ, ಹೊರಗಿನಿಂದ ಯಾವಾಗ ಬೇಕಾದರೂ ಬೈಟ್ ಬರಬಹುದಲ್ಲ. ಮ್ಯೂಟೆಕ್ಸಿಗೆ ಕಾಯೋದೂ ಲೆಕ್ಕಕ್ಕಿಲ್ಲ. ಅದಕ್ಕೇ ಮಿತಿಗೆ ಬಬಲ್ ಒಳಗೇ ಹುಟ್ಟಿದ ಚಾನೆಲ್ ಬಳಸು, ಕ್ಲೈಂಟಿನ ಟ್ರಾನ್ಸ್‌ಪೋರ್ಟ್ ಜಾಗದಲ್ಲಿ ನೀನೇ ಬರೆದ ಪುಟ್ಟ ರೌಂಡ್‌ಟ್ರಿಪ್ಪರ್ ಕೂರಿಸು. ನಿಜವಾದ ಕನೆಕ್ಷನ್ನಿನ ನಡತೆಯೇ ಬೇಕು ಅಂದರೆ ಮೆಮೊರಿಯಲ್ಲೇ ಓಡೋ ನೆಟ್ ಪ್ಯಾಕೇಜಿನ ಪೈಪ್ ಇದೆ.

ಹಾಗಂತ ಎಚ್‌ಟಿಟಿಪಿಟೆಸ್ಟ್ ಸರ್ವರನ್ನ ಬಿಟ್ಟುಬಿಡಬೇಡ. ಉತ್ತರದ ಬಾಡಿ ಮುಚ್ಚೋದು ಮರೆತು ಕನೆಕ್ಷನ್ ಸೋರಿದರೆ ಅಲ್ಲೇ ಗೊತ್ತಾಗೋದು. ಸರ್ವರಿನ ಕ್ಲೋಸ್ ಮಾತ್ರ, ಬಾಕಿ ಇರೋ ರಿಕ್ವೆಸ್ಟ್ ಎಲ್ಲ ಮುಗಿಯೋವರೆಗೂ ನಿಂತೇ ಇರುತ್ತೆ. ಹ್ಯಾಂಡ್ಲರನ್ನ ಚಾನೆಲ್ಲಿಗೆ ಕಟ್ಟಿಹಾಕಿದ್ದರೆ ಮೊದಲು ಅದನ್ನ ಬಿಚ್ಚು, ಆಮೇಲೆ ಸರ್ವರ್ ಮುಚ್ಚು. ಡಿಫರ್ ಬರೆಯೋದಾದರೆ ಕ್ಲೋಸ್ ಮೇಲಿನ ಸಾಲಲ್ಲಿ, ಬಿಚ್ಚೋದು ಅದರ ಕೆಳಗೆ. ಕೊನೆಗೆ ಬರೆದದ್ದೇ ಮೊದಲು ಓಡೋದು.