ಹನ್ನೊಂದು ಮಂದಿ ಮಂಜುನಾಥರು: ವಿಳಾಸ ಪುಸ್ತಕಕ್ಕೊಂದು ಬಹಿರಂಗ ಪತ್ರ

ಶ್ರೀಮಾನ್ ಗ್ಲೋಬಲ್ ಅಡ್ರೆಸ್ ಲಿಸ್ಟ್ ಅವರ ಸನ್ನಿಧಿಗೆ, ಲೆಕ್ಕಪತ್ರ ವಿಭಾಗದ ಕಿಟಕಿ ಪಕ್ಕದ ಮೇಜಿನಿಂದ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ಈ ಪತ್ರವನ್ನು ಮೇಲ್‌ನಲ್ಲೇ ಕಳಿಸುವುದು ಮರ್ಯಾದೆ ಅಂದುಕೊಂಡು 'ಟು' ಕಾಲಂನಲ್ಲಿ ತಮ್ಮ ಹೆಸರು ಹೊಡೆದೆ. ಅಂಥವರು ಯಾರೂ ಇಲ್ಲ ಎಂಬ ಉತ್ತರ ಬಂತು. ಹೊಳೆ ದಾಟಿ ದಡದಲ್ಲಿ ತಲೆ ಎಣಿಸಿದ ಶಿಷ್ಯರ ಹಾಗೆ ತಾವು ಕಚೇರಿಯ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದು ತಮ್ಮನ್ನೇ ಬಿಟ್ಟುಕೊಂಡಿದ್ದೀರಿ. ಆದ್ದರಿಂದ ಈ ಬಹಿರಂಗ ದಾರಿ. ಯಾರಾದರೂ ಓದಿ ಹೇಳಿದರೆ ಕೇಳಿಸಿಕೊಳ್ಳಿ.

ಮೊದಲು ರಜೆ ಅರ್ಜಿಯ ವಿಚಾರ. ಮಗಳ ಮದುವೆಗೆಂದು ಎಂಟು ದಿನದ ರಜೆ ಬೇಕಿತ್ತು. ನಮ್ಮ ಮ್ಯಾನೇಜರ್ ಹೆಸರು ಮಂಜುನಾಥ. ಅದು ಅವರ ತಪ್ಪಲ್ಲ, ಧರ್ಮಸ್ಥಳಕ್ಕೆ ಹರಕೆ ಹೊತ್ತ ಅವರ ತಾಯಿಯ ತಪ್ಪೂ ಅಲ್ಲ. ಎಮ್, ಎ, ಎನ್, ಜೆ ಅಂತ ನಾಲ್ಕು ಕೀ ಒತ್ತುವಷ್ಟರಲ್ಲಿ ಕೆಳಗೊಂದು ಪಟ್ಟಿ ಜೋತುಬಿತ್ತು. ಅದರಲ್ಲಿ ಹನ್ನೊಂದು ಮಂದಿ ಮಂಜುನಾಥರು. ಬಾಲದಲ್ಲಿ 'ಎ' ಇದ್ದವರು, ಇಲ್ಲದವರು. 'ಟಿ'ಗೆ 'ಎಚ್' ಅಂಟಿಸಿಕೊಂಡವರು, ಅಂಟಿಸಿಕೊಳ್ಳದವರು. ಇನಿಶಿಯಲ್ಲನ್ನು ಮುಂದೆ ಕಟ್ಟಿಕೊಂಡವರು, ಹಿಂದೆ ಕಟ್ಟಿಕೊಂಡವರು. ಒಬ್ಬರಿಗಂತೂ ಇನಿಶಿಯಲ್ಲೇ ಮೊದಲ ಹೆಸರು, ಮಂಜುನಾಥ ಎನ್ನುವುದು ಮನೆತನ. ಅಷ್ಟರಲ್ಲಿ ಛತ್ರದವರ ಫೋನು ಬಂತು, ಕಣ್ಣು ಆಚೆ ಹೋಯಿತು, ಬೆರಳು ಎಂಟರ್ ಒತ್ತಿತು.

ಹತ್ತು ನಿಮಿಷಕ್ಕೆ ಉತ್ತರ. "ಅಡ್ಡಿ ಇಲ್ಲ ಬಿಡ್ರಿ. ಮದುವಿ ಮುಗಿಸ್ಕೊಂಡ ಆರಾಮ ಬರ್ರಿ." ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ರಜೆ ಇಷ್ಟು ಬೇಗ, ಇಷ್ಟು ಪ್ರೀತಿಯಿಂದ ಮಂಜೂರಾದದ್ದಿಲ್ಲ. ಮಂಜೂರು ಮಾಡಿದವರು ಹುಬ್ಬಳ್ಳಿ ಗೋಡೌನಿನ ಸ್ಟೋರ್‌ಕೀಪರ್ ಮಂಜುನಾಥರು ಅನ್ನುವುದು ನನಗೆ ತಿಳಿದದ್ದು ನಾಲ್ಕು ದಿನ ಬಿಟ್ಟು, ನಮ್ಮ ಮ್ಯಾನೇಜರು "ಮಗಳ ಮದುವೆಯಂತೆ, ರಜೆಗಿಜೆ ಬೇಡವೇನ್ರಿ?" ಅಂತ ಕೇಳಿದಾಗ.

ವಿಚಾರಿಸಿದರೆ, ಆ ಜೋತಾಡುವ ಪಟ್ಟಿ ತಮ್ಮದಲ್ಲವಂತೆ, ತಮ್ಮ ತಮ್ಮನದಂತೆ. ಆಟೋಕಂಪ್ಲೀಟ್ ಅಂತ ಅವನ ಹೆಸರು. ನಾವು ಹಿಂದೆ ಯಾರಿಗೆ ಬರೆದಿದ್ದೇವೋ ಅವರ ಹೆಸರನ್ನು ಬಾಯಿಪಾಠ ಮಾಡಿಟ್ಟುಕೊಂಡು, ನಾಲಿಗೆ ತುದಿಯಲ್ಲಿ ಇದ್ದವರನ್ನು ಮೊದಲು ಉದುರಿಸುತ್ತಾನೆ. ಹಿಂದಿನ ತಿಂಗಳು ಹುಬ್ಬಳ್ಳಿಯ ದಾಸ್ತಾನು ಲೆಕ್ಕ ತಾಳೆಯಾಗದೆ ಆ ಮಂಜುನಾಥರಿಗೆ ಮೂವತ್ತು ಮೇಲ್ ಬರೆದಿದ್ದೆ. ಪಕ್ಕದ ಕೋಣೆಯ ಮ್ಯಾನೇಜರಿಗೆ ಬಾಯಲ್ಲೇ ಹೇಳುತ್ತಿದ್ದೆ. ತಮ್ಮನ ಲೆಕ್ಕದಲ್ಲಿ ನನಗೆ ಹತ್ತಿರದವರು ಹುಬ್ಬಳ್ಳಿಯವರೇ. ಔಟ್‌ಲುಕ್‌ನಲ್ಲಿ ಅವನಿಗೆ ಸಾವಿರ ಹೆಸರು ನೆನಪಿಡುವ ಶಕ್ತಿ ಕೊಟ್ಟಿದ್ದಾರೆ. ಔಟ್‌ಲುಕ್ 2010 ಬರುವ ಮುಂಚೆ ಎನ್‌ಕೆ2 ಎಂಬ ಫೈಲಿನಲ್ಲಿ ಒಂದೇ ಕಂಪ್ಯೂಟರಿಗೆ ಕಟ್ಟುಬಿದ್ದಿದ್ದವನು, ಆಮೇಲೆ ಮೇಲ್‌ಬಾಕ್ಸಿನೊಳಕ್ಕೇ ಬಿಡಾರ ಬದಲಿಸಿದ. ಕಂಪ್ಯೂಟರ್ ಹೊಸದು ಕೊಟ್ಟರೂ ಪೂರ್ವಜನ್ಮದ ವಾಸನೆಯಂತೆ ಹಿಂದೆಯೇ ಬರುತ್ತಾನೆ.

ಇರಲಿ, ಅವನು ಹುಡುಗ. ಆದರೆ ಅವನು ಕೆಟ್ಟದ್ದು ಕಲಿತದ್ದು ತಮ್ಮಿಂದ. ಅದಕ್ಕೆ ಸಾಕ್ಷಿ ನಮ್ಮ ಕ್ಯಾಷಿಯರ್ ಪ್ರಕರಣ.

ಮೂವತ್ತು ವರ್ಷ ದುಡಿದು ಅವರು ನಿವೃತ್ತರಾದರು. ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಆಯಿತು. ಮೇಲ್‌ಬಾಕ್ಸ್ ಅಳಿಸಿದರು. ಮೂರು ತಿಂಗಳಲ್ಲಿ ಹಳೇ ಬಾಕಿಯ ಗಂಟು ಬಿಡಿಸಲು ಬೇರೆ ಯಾರಿಗೂ ಬಾರದೆ ಅವರನ್ನೇ ಸಲಹೆಗಾರರೆಂದು ವಾಪಸ್ ಕರೆಸಿದರು. ಹೆಸರು ಅದೇ, ಮೇಲ್ ವಿಳಾಸ ಅಕ್ಷರ ಬಿಡದೆ ಅದೇ. "ಬನ್ನಿ, ಟೀ ಕುಡಿಯೋಣ" ಅಂತ ಬರೆದೆ. ವಾಪಸ್ ಬಂತು. ಮತ್ತೆ ಬರೆದೆ, ಮತ್ತೆ ಬಂತು. ಸೋಜಿಗ ಏನೆಂದರೆ ಬ್ಯಾಂಕಿನವರ ಮೇಲ್ ಅವರಿಗೆ ತಲುಪುತ್ತಿತ್ತು, ಸಪ್ಲೈಯರುಗಳದ್ದು ತಲುಪುತ್ತಿತ್ತು, ಮೊನ್ನೆ ಸೇರಿದ ಹುಡುಗಿಯದ್ದೂ ತಲುಪುತ್ತಿತ್ತು. ಇಪ್ಪತ್ತು ವರ್ಷ ಒಟ್ಟಿಗೆ ಟೀ ಕುಡಿದ ನಮ್ಮಗಳದ್ದು ಮಾತ್ರ ಹೊಸ್ತಿಲಿಂದಲೇ ವಾಪಸ್. ಅವರಿಗೆ ನಮ್ಮ ಮೇಲೆ ಕೋಪ ಅಂತ ನಾವು, ನಮಗೆ ಅಸಡ್ಡೆ ಅಂತ ಅವರು. ಒಂದು ವಾರ ಕ್ಯಾಂಟೀನಿನಲ್ಲಿ ಬೇರೆ ಬೇರೆ ಮೇಜು.

ವಾಪಸ್ ಬಂದ ಕಾಗದದ ತುಂಬ ಐ ಎಮ್ ಸಿ ಇ ಎ ಇ ಎಕ್ಸ್ ಅಂತ ಶುರುವಾಗುವ ಒಂದು ಮಂತ್ರ. ಸಾಲುದ್ದ ಅಡಿಗೆರೆ, ಅಲ್ಲಲ್ಲಿ 'ಪ್ಲಸ್ 20', ನಡುವೆ ನಮ್ಮ ಸಂಸ್ಥೆಯ ಹೆಸರು ಮುರಿದ ಬಳೆಯ ಹಾಗೆ. ಕೊನೆಗೆ 5.1.1, ಅಂದರೆ ಆ ವಿಳಾಸದಲ್ಲಿ ಅಂಥವರು ಇಲ್ಲ. ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಿದೆ. ರೀಸ್ಟಾರ್ಟ್ ಮಾಡಿ ಅಂದರು, ಮಾಡಿದೆ. ನಮ್ಮ ಹಳ್ಳಿಯಲ್ಲಿ ಏನೇ ಕಾಯಿಲೆಗೂ ಹರಳೆಣ್ಣೆ ಕುಡಿಸುತ್ತಿದ್ದರು, ಹಾಗೆ. "ತಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ಐದು ನಕ್ಷತ್ರ ಕೊಡಿ" ಅಂತ ಟಿಕೆಟ್ಟು ತಾನಾಗಿಯೇ ಮುಚ್ಚಿಕೊಂಡಿತು. ತೆರೆದೆ, ಮುಚ್ಚಿತು. ಹತ್ತೊಂಬತ್ತನೆಯ ದಿನ ಕೊರಳಲ್ಲಿ ಐಡಿ ಕಾರ್ಡ್ ತೂಗಾಡಿಸಿಕೊಂಡು ಒಬ್ಬ ಹುಡುಗ ಬಂದ. ಮಂತ್ರವನ್ನು ಒಂದು ಸಲ ಓದಿ ನಕ್ಕ. "ಸಾರ್, ನೀವು ಅವರ ಅಡ್ರೆಸ್‌ಗೆ ಕಳಿಸ್ತಾನೇ ಇಲ್ಲ. ಅವರ ಹಿಂದಿನ ಜನ್ಮಕ್ಕೆ ಕಳಿಸ್ತಿದೀರಿ."

ಆವತ್ತು ತಮ್ಮ ಗುಟ್ಟು ರಟ್ಟಾಯಿತು, ಸ್ವಾಮಿ. ನಾವು ಹೊರಗಿನವರಿಗೆ ತೋರಿಸುವ, ನಡುವೆ ಸುರುಳಿ ಸುತ್ತಿಕೊಂಡ 'ಆಟ್' ಚಿಹ್ನೆಯ ವಿಳಾಸವನ್ನು ಕಚೇರಿಯೊಳಗೆ ತಾವು ಕ್ಯಾರೇ ಅನ್ನುವುದಿಲ್ಲ. ತಮಗೆ ಬೇಕಾದದ್ದು ಪ್ರವರ. ಇಂಥ ಸಂಸ್ಥೆಯ, ಇಂಥ ಘಟಕದ, ರೆಸಿಪಿಯೆಂಟ್ಸ್ ಗೋತ್ರೋತ್ಪನ್ನನಾದ ಇಂಥವನು ಅಂತ ಕಿವಿ ಮುಟ್ಟಿಕೊಂಡು ಒಪ್ಪಿಸಬೇಕು. ಈ ಪದ್ಧತಿಯ ಮೂಲ 1988ರಲ್ಲಿ ಪ್ರಕಟವಾದ ಎಕ್ಸ್.500 ಎಂಬ ಡೈರೆಕ್ಟರಿ ನಿಯಮ. 1996ರಲ್ಲಿ ಎಕ್ಸ್‌ಚೇಂಜ್ ಸರ್ವರ್ ಬಂದಾಗ ಅದೇ ವರಸೆಯನ್ನು ಮೈಗೂಡಿಸಿಕೊಂಡಿತು. ಹೊರಗೆ ಜಗತ್ತೇ ಬದಲಾದರೂ ಒಳಗೆ ತಾವು ಇಂದಿಗೂ ಅದನ್ನೇ ಜಪಿಸುತ್ತಿದ್ದೀರಿ. ಕ್ಯಾಷಿಯರಿಗೆ ಹೊಸ ಮೇಲ್‌ಬಾಕ್ಸ್ ಕೊಟ್ಟಾಗ ಹೊಸ ಪ್ರವರ ಹುಟ್ಟಿತು. ನಮ್ಮ ತಲೆಯಲ್ಲಿ, ಅಂದರೆ ತಮ್ಮ ತಮ್ಮನ ತಲೆಯಲ್ಲಿ, ಹಳೆಯದೇ ಉಳಿದಿತ್ತು. ಬ್ಯಾಂಕಿನವರಿಗೆ ಪ್ರವರ ಗೊತ್ತಿರಲಿಲ್ಲ, ಆದ್ದರಿಂದ ಬಚಾವಾದರು. ಹಳೇ ಮೇಲ್‌ಗೆ ರಿಪ್ಲೈ ಒತ್ತಿದವರೂ ಇದೇ ಹಳ್ಳಕ್ಕೆ ಬಿದ್ದಿದ್ದರು.

ಮದ್ದು ಆ ಮಂತ್ರದಲ್ಲೇ ಇತ್ತು. ಹುಡುಗ ಅದನ್ನು ನೋಟ್‌ಪ್ಯಾಡಿಗೆ ಇಳಿಸಿಕೊಂಡ. ಅಡಿಗೆರೆ ಇದ್ದಲ್ಲಿ ಓರೆಗೆರೆ ಎಳೆದ. 'ಪ್ಲಸ್ 20' ಇದ್ದಲ್ಲಿ ಖಾಲಿ ಜಾಗ ಬಿಟ್ಟ. ಮುಂದಿನ ಮಂತ್ರಾಕ್ಷರವನ್ನೂ ಹಿಂದಿನ ಡೊಮೈನ್ ಬಾಲವನ್ನೂ ಕತ್ತರಿಸಿ, ಉಳಿದದ್ದನ್ನು ಕ್ಯಾಷಿಯರರ ಹೊಸ ಮೇಲ್‌ಬಾಕ್ಸಿಗೆ ಎಕ್ಸ್500 ಅನ್ನುವ ಇನ್ನೊಂದು ವಿಳಾಸವಾಗಿ ಸೇರಿಸಿದ. ಹೊಸ ಮನೆಯ ಬಾಗಿಲಿಗೆ ಹಳೇ ಮನೆಯ ನಂಬರೂ ಬರೆದ ಹಾಗೆ. ನಾಲ್ಕು ನಿಮಿಷದ ಕೆಲಸ. ಟೀ ಮೇಲ್ ಹೋಯಿತು. ಒಬ್ಬನಿಗೇ ತೊಂದರೆ ಆಗಿದ್ದರೆ ಇಷ್ಟೂ ಬೇಡವಂತೆ. ಇಳಿಬಿದ್ದ ಪಟ್ಟಿಯಲ್ಲಿ ಹೆಸರಿನ ಪಕ್ಕದ ಸಣ್ಣ ಇಂಟು ಗುರುತು ಒತ್ತಿ ಹಳೆಯದನ್ನು ಅಳಿಸಿ, ತಮ್ಮಿಂದ ಹೊಸದಾಗಿ ಆರಿಸಿಕೊಂಡರೆ ಸಾಕು. ನಾಲ್ಕು ನಿಮಿಷಕ್ಕೂ ಹತ್ತೊಂಬತ್ತು ದಿನಕ್ಕೂ ನಡುವೆ ಇದ್ದದ್ದು ತಂತ್ರಜ್ಞಾನವಲ್ಲ, ಆ ಹುಡುಗನ ಮೇಜಿಗೆ ಟಿಕೆಟ್ಟು ತಲುಪುವ ದಾರಿ.

ಇನ್ನು ನನ್ನ ಹೆಸರು. ಇದನ್ನು ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಕೆಲಸಕ್ಕೆ ಸೇರಿದಾಗ ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಕಡ್ಡಾಯ ಗೂಡು. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು, ನಮ್ಮದೊಂದು ಸೇರಿ ಹೆಸರಾಗುತ್ತದೆ. ಯಾವುದು ಲಾಸ್ಟು? ಗುಮಾಸ್ತರು ನನ್ನನ್ನು ನಂಬದೆ ತಾವೇ ತೀರ್ಮಾನಿಸಿ ಊರನ್ನು ಕೊನೆಗೆ ಹಾಕಿದರು. ನಮ್ಮ ಊರು ಚಿಕ್ಕನಾಯಕನಹಳ್ಳಿ. ಇಂಗ್ಲಿಷಿನಲ್ಲಿ ಹತ್ತೊಂಬತ್ತು ಅಕ್ಷರ. ಮುಂದೆ ಎಸ್, ಆರ್ ಅಂತ ಎರಡು ಇನಿಶಿಯಲ್, ಒಟ್ಟು ಇಪ್ಪತ್ತೊಂದು. ವಿಂಡೋಸಿನ ಹಳೇ ಬಗೆಯ ಲಾಗಿನ್ ಹೆಸರಿಗೆ ಇಪ್ಪತ್ತು ಅಕ್ಷರದ ಮಿತಿ. ಕಟ್ಟಕಡೆಯ 'ಐ' ಬಿದ್ದುಹೋಯಿತು. ಹಳ್ಳಿ ಹೋಗಿ ಹಾಲ್ ಆಯಿತು. ಅದನ್ನೇ ಯಾರೋ ಪುಣ್ಯಾತ್ಮರು ಹೆಸರಿನ ಕಾಲಂಗೂ ನಕಲಿಸಿದರು.

ಅಲ್ಲಿಂದ ನಾನು ಚಿಕ್ಕನಾಯಕನ ಹಾಲ್. ತಮ್ಮ ಪಟ್ಟಿಯಲ್ಲಿ ಮನುಷ್ಯರ ಜೊತೆಗೆ ಮೀಟಿಂಗ್ ರೂಮುಗಳಿಗೂ ಜಾಗ ಇದೆಯಲ್ಲ. ಪುಣೆ ಶಾಖೆಯಿಂದ ಒಂದು ಮಧ್ಯಾಹ್ನ ಕೋರಿಕೆ ಬಂತು: ಗುರುವಾರ ಮೂರರಿಂದ ಐದರವರೆಗೆ ತಾವು ಖಾಲಿ ಇದ್ದೀರಾ, ಪ್ರೊಜೆಕ್ಟರ್ ಇದೆಯೇ, ಎಷ್ಟು ಕುರ್ಚಿ? ಖಾಲಿ ಇದ್ದೆ, ಒಪ್ಪಿಕೊಂಡೆ. ಹದಿನಾಲ್ಕು ಜನ ಲಿಫ್ಟಿನಿಂದಿಳಿದು ನನ್ನ ಮೇಜಿನ ಸುತ್ತ ನಿಂತು ಹಾಲ್ ಎಲ್ಲಿ ಎಂದು ನನ್ನನ್ನೇ ಕೇಳಿದರು.

ಊರಿನ ಮಾತು ಬಂತು. ಹೆಸರು ಹುಡುಕುವಾಗ ತಾವು ಹೆಸರನ್ನಷ್ಟೇ ಅಲ್ಲ, ಆಫೀಸ್ ಎಲ್ಲಿದೆ ಅನ್ನುವ ಕಾಲಮ್ಮನ್ನೂ ತಡಕುತ್ತೀರಿ. ಒಳ್ಳೆಯ ಬುದ್ಧಿ. ಆದರೆ 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಸರಿಹೋಯಿತು ಎಂಬ ಸುದ್ದಿ ತಮಗೆ ಅರ್ಧ ತಲುಪಿದೆ. ಅದಕ್ಕೆ ಮುಂಚೆ ಸೇರಿದವರು ಹುಬ್ಲಿಯಲ್ಲೇ ಇದ್ದಾರೆ, ಆಮೇಲೆ ಸೇರಿದವರು ಹುಬ್ಬಳ್ಳಿಯಲ್ಲಿ. ಒಂದನ್ನು ಪೂರ್ತಿ ಹೊಡೆದರೆ ಇನ್ನೊಂದು ಕಡೆಯವರು ಮಾಯ. ಹಳೇ ಹುಬ್ಬಳ್ಳಿ ಬಡಾವಣೆಯ ಹೆಸರು ಅಂತ ಕೇಳಿದ್ದೆ, ಸರ್ವರಿನಲ್ಲೂ ಒಂದು ಇದೆ ಅಂತ ಗೊತ್ತಿರಲಿಲ್ಲ.

ಹೊಸಬರ ಪಾಡು ಬೇರೆ. ಸೋಮವಾರ ಸೇರಿದ ಹುಡುಗಿಗೆ ಕುರ್ಚಿ ಕೊಟ್ಟರು, ಮಗ್ ಕೊಟ್ಟರು, ಮೇಲ್ ಕೊಟ್ಟರು. ನಾವು ಹುಡುಕಿದರೆ ಅವಳು ಇಲ್ಲ. ಕಾರಣ, ಔಟ್‌ಲುಕ್ ಓದುವುದು ಸಾಮಾನ್ಯವಾಗಿ ತಮ್ಮನ್ನಲ್ಲ, ತಮ್ಮ ನಕಲನ್ನು. ಎಕ್ಸ್‌ಚೇಂಜ್ 2010ರಲ್ಲಿ ಆ ನಕಲು ದಿನಕ್ಕೊಮ್ಮೆ ಬೆಳಗಿನ ಜಾವ 5ಕ್ಕೆ ಅಚ್ಚಾಗುತ್ತಿತ್ತು, 2013ರ ಆವೃತ್ತಿಯಿಂದ 8 ಗಂಟೆಗೊಮ್ಮೆ. ನಮ್ಮ ಕಂಪ್ಯೂಟರು ಅದನ್ನು ಇಳಿಸಿಕೊಳ್ಳುವುದು 24 ಗಂಟೆಗೊಮ್ಮೆ. ನಿನ್ನೆಯ ಪೇಪರ್ ಹಿಡಿದು ಇವತ್ತು ಹುಟ್ಟಿದ ಮಗುವಿನ ಹೆಸರು ಹುಡುಕಿದ ಹಾಗೆ. ಅವಸರವಿದ್ದರೆ ಸೆಂಡ್-ರಿಸೀವ್ ಅಡಿಯಲ್ಲಿ ಡೌನ್‌ಲೋಡ್ ಅಡ್ರೆಸ್ ಬುಕ್ ಒತ್ತಬೇಕು, ಇಲ್ಲವೇ ಬ್ರೌಸರಿನಲ್ಲಿ ಮೇಲ್ ತೆರೆಯಬೇಕು, ಅಲ್ಲಿ ತಾವು ಸಾಕ್ಷಾತ್ ದರ್ಶನ ಕೊಡುತ್ತೀರಿ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹುಡುಗಿ ಎರಡು ದಿನ ತಾನು ನಿಜವಾಗಿ ಸೇರಿದ್ದೇನೆಯೇ ಅಂತ ಅನುಮಾನದಲ್ಲಿದ್ದಳು.

1982ರಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಣೆಯ ನಿಯಮ ಬರೆದಾಗ, ಇಂಥವರು ಇದ್ದಾರೆಯೇ ಅಂತ ಸರ್ವರನ್ನು ಮೊದಲೇ ಕೇಳುವ ಒಂದು ಆಜ್ಞೆ ಇಟ್ಟಿದ್ದರು. ಒಂದೇ ಹೆಸರಿನವರು ಹಲವರಿದ್ದರೆ ಅದು 553 ಅಂತ ಸಂಖ್ಯೆ ಹೇಳಿ, ಯಾರು ಅಂತ ಸ್ಪಷ್ಟವಿಲ್ಲ ಎಂದು ಒಪ್ಪಿಕೊಳ್ಳುತ್ತಿತ್ತು. ಕಳ್ಳಮೇಲ್‌ನವರು ಅದರಿಂದ ವಿಳಾಸ ಹೆಕ್ಕುತ್ತಾರೆಂದು ಈಗ ಬಹುತೇಕ ಕಡೆ ಬಾಯಿ ಮುಚ್ಚಿಸಿದ್ದಾರೆ. ಗೊತ್ತಿಲ್ಲ ಅನ್ನುವ ಆ ಸೌಜನ್ಯ ತಮ್ಮ ತಮ್ಮನಿಗಾದರೂ ಇದ್ದಿದ್ದರೆ!

ತಮ್ಮನ್ನು ಬೈದು ಪ್ರಯೋಜನವಿಲ್ಲ ಅಂತಲೂ ಗೊತ್ತು. ಎಚ್‌ಆರ್‌ನವರನ್ನು ಕೇಳಿದರೆ ಪುಸ್ತಕ ಐಟಿಯವರದು, ಐಟಿಯವರನ್ನು ಕೇಳಿದರೆ ಹೆಸರು ಎಚ್‌ಆರ್‌ನವರದು. ಅತ್ತೆ ಒಡೆದ ಮಡಕೆಗೂ ಸೊಸೆ ಒಡೆದ ಮಡಕೆಗೂ ನಮ್ಮ ಮನೆಯಲ್ಲಿ ಬೆಲೆಯೇ ಇಲ್ಲ. ಹಿಂದೆ ಶಾನುಭೋಗರು ಅಂತ ಇದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು, ಒಳ್ಳೆಯದೇ ಆಯಿತು. ಅವರ ಲೆಕ್ಕದಲ್ಲಿ ಏನೇ ಕೈಚಳಕ ಇದ್ದರೂ ಊರಿನ ಹನ್ನೊಂದು ಮಂಜುನಾಥರಲ್ಲಿ ಕೆರೆ ಕೆಳಗಿನ ಮಂಜುನಾಥ ಯಾರು, ಗುಡಿ ಹಿಂದಿನ ಮಂಜುನಾಥ ಯಾರು ಅಂತ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ತಮ್ಮಲ್ಲೂ ಆ ಕಾಲಂಗಳಿವೆ: ವಿಭಾಗ, ಹುದ್ದೆ, ಊರು. ತುಂಬಿಲ್ಲ, ಅಷ್ಟೇ. ಮಂಜುನಾಥ, ಲೆಕ್ಕಪತ್ರ, ಬೆಂಗಳೂರು ಅಂತ ಹೆಸರಿನ ಜೊತೆಗೇ ಬರೆದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಿಂಗಳಿಗೊಂದು ಸಲ ಪೆನ್ಸಿಲ್ ಹಿಡಿದು ಪಟ್ಟಿ ಓದುವ ಒಬ್ಬರನ್ನು ನೇಮಿಸಿಕೊಡಿ ಅಂತ ಅರ್ಜಿ ಹಾಕಿದ್ದೇನೆ. ಅರ್ಜಿಯನ್ನು ಕಾಗದದಲ್ಲಿ ಬರೆದು ಕೈಯಾರೆ ಕೊಟ್ಟು ಬಂದೆ.

ಇಂತಿ ತಮ್ಮ ವಿಧೇಯ,
ಎಸ್. ಆರ್. ಚಿಕ್ಕನಾಯಕನ ಹಾಲ್
(ಆಸನಗಳು: ಒಂದು. ಪ್ರೊಜೆಕ್ಟರ್ ಇಲ್ಲ)

ತಾ.ಕ.: ಮದುವೆ ಚೆನ್ನಾಗಿ ಆಯಿತು. ಮುಹೂರ್ತಕ್ಕೆ ಸರಿಯಾಗಿ ಹುಬ್ಬಳ್ಳಿಯ ಮಂಜುನಾಥರು ರಾತ್ರಿ ಬಸ್ಸಿಳಿದು, ಎರಡು ಕೆಜಿ ಧಾರವಾಡ ಪೇಡೆಯ ಡಬ್ಬಿ ಹಿಡಿದು ಬಂದರು. "ರಜಾ ಕೊಟ್ಟಾಂವ ನಾನ, ಬರಬೇಕಲ್ರಿ ಮತ್ತ" ಅಂದರು. ನಮ್ಮ ಮ್ಯಾನೇಜರು ಬರಲಿಲ್ಲ. ಕರೆಯೋಲೆಯ ಮೇಲ್ ಅವರಿಗೆ ಬಂದೇ ಇಲ್ಲವಂತೆ. ಚೆನ್ನೈ ಶಾಖೆಯಿಂದ ಮಂಜುನಾಥನ್ ಅನ್ನುವವರೊಬ್ಬರು ಮಾತ್ರ ವಧೂವರರಿಗೆ ಶುಭ ಕೋರಿ, ನಾನು ಯಾರು ಅಂತ ವಿಚಾರಿಸಿದ್ದಾರೆ.