ಮುಂದಿನ ಸರ್ಟಿಫಿಕೇಟಿನ ಸಾಹುಕಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳಲ್ಲಿ ಓಣಿಗೊಬ್ಬನಂತೆ ಈತ ಸಿಗುತ್ತಾನೆ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿದೆ. ಬೆಂಗಳೂರಿನ ಯಾವುದೋ ಕಂಪನಿಯ ಹೆಲ್ಪ್ ಡೆಸ್ಕಿನಲ್ಲಿ ನೌಕರಿ. ಕೂಡುವುದು ಮಾತ್ರ ಊರ ಮನೆಯ ಮಾಳಿಗೆಯ ಮೇಲೆ. ಹಗಲೆಲ್ಲ ಮಂದಿಯ ಪಾಸ್‌ವರ್ಡ್ ರಿಸೆಟ್ ಮಾಡುತ್ತಾನೆ, ರಾತ್ರಿಯೆಲ್ಲ ತನ್ನ ಭವಿಷ್ಯ ರಿಸೆಟ್ ಮಾಡುತ್ತಾನೆ.

ಎದುರಾದಾಗ 'ಹೆಂಗದೀಯೋ?' ಎಂದಿರೋ, ಕೆಟ್ಟಿರಿ. 'ಆರಾಮ ಅದೀನ್ರಿ ಕಾಕಾ. ಮುಂದಿಂದು ಯಾವ್ದ ಮಾಡ್ಲಿ ಅನ್ನೂದ ಒಂದ ತಲಿಬ್ಯಾನಿ ನೋಡ್ರಿ' ಎನ್ನುತ್ತಾನೆ. ಮನೆಯವರ ಲೆಕ್ಕದಲ್ಲಿ ಮುಂದಿನದು ಮದುವೆ. ಈತನ ಲೆಕ್ಕದಲ್ಲಿ ಸರ್ಟಿಫಿಕೇಷನ್.

ಮೊಬೈಲ್ ತೆಗೆದು ಎಕ್ಸೆಲ್ ಹಾಳೆ ತೋರಿಸುತ್ತಾನೆ. ಹಸಿರು ಸಾಲಿನಲ್ಲಿ ಸಿಸಿಎನ್‌ಎ: 300 ಡಾಲರ್, 120 ನಿಮಿಷ. ಹಳದಿಯಲ್ಲಿ ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್: 150 ಡಾಲರ್, 65 ಪ್ರಶ್ನೆ, 130 ನಿಮಿಷ. ಕೆಂಪಿನಲ್ಲಿ ಸಿಐಎಸ್‌ಎಸ್‌ಪಿ. ಅದು ಪೂರ್ತಿ ಕೈಗೆ ಬರಬೇಕೆಂದರೆ ಭದ್ರತೆಯ ಕೆಲಸದಲ್ಲಿ ಐದು ವರ್ಷ ಸವೆದಿರಬೇಕು. ಆದರೂ ಪಟ್ಟಿಯಲ್ಲಿದೆ, ಕೂಸು ಹುಟ್ಟುವ ಮುಂಚೆ ಕುಲಾವಿ. ಬಣ್ಣವಿಲ್ಲದೆ ಖಾಲಿ ಉಳಿದಿರುವುದು ಒಂದೇ ಕಾಲಂ, 'ಪರೀಕ್ಷೆಯ ತಾರೀಖು'.

ತಾರೀಖಿಗೇನು, ಕೊರತೆಯಿಲ್ಲ. 1824ರ ಗೆಲುವಿನ ನೆನಪಿನ ಕಿತ್ತೂರು ಉತ್ಸವದೊಳಗೆ ಒಂದಾದರೂ ಮುಗಿಸುವೆ ಎನ್ನುತ್ತಾನೆ. ಅಕ್ಟೋಬರ್ 23 ಬಂದು ಹೋಗುತ್ತದೆ. ಬನದ ಹುಣ್ಣಿಮೆಗೆ ಸವದತ್ತಿ ಗುಡ್ಡ ಹತ್ತಿ ಯಲ್ಲಮ್ಮನಿಗೆ ಹರಕೆ ಹೊರುತ್ತಾನೆ, ಭಾರತ ಹುಣ್ಣಿಮೆಗೆ ಮತ್ತೆ ಹತ್ತಿ ವಾಯಿದೆ ಕೇಳಿ ಇಳಿಯುತ್ತಾನೆ. ಯಾವ ಪರೀಕ್ಷೆಗೆ ಹರಕೆ ಎಂದು ಇನ್ನೂ ಹೇಳದ ಕಾರಣ ದೇವಿಯೂ ಏನೂ ಮಾಡುವಂತಿಲ್ಲ.

ಹಾಗಂತ ಒಂದೂ ಬರೆದಿಲ್ಲ ಅನ್ನಬೇಡಿ. ಅಜೂರ್ ಫಂಡಮೆಂಟಲ್ಸ್ ಮನೆಯಿಂದಲೇ ಬರೆದಿದ್ದಾನೆ. ಕೋಣೆಯೊಳಗೆ ಮತ್ತೊಬ್ಬರು ಕಾಲಿಡಬಾರದು, ಎದುರಿನ ಟೇಬಲ್ ಖಾಲಿ ಇರಬೇಕು ಎಂಬುದು ನಿಯಮ. ಅಪ್ಪ ಮೆಟ್ಟಿಲ ಬುಡಕ್ಕೆ ಕುರ್ಚಿ ಹಾಕಿ ಕಾವಲು ಕೂತರು. ಚಹಾ ಹಿಡಿದು ಬಂದ ಅವ್ವನನ್ನು ತಡೆದರು. ಚಹಾ ಆರಬಾರದೆಂದು ತಾವೇ ಕುಡಿದರು. ಹುಡುಗ ಪಾಸಾದ.

'ಇದೇನೋ ಹಳತ ಆಗೂದಿಲ್ಲ. ಆದ್ರ ಸಿಸಿಎನ್‌ಎ ಮೂರ ವರ್ಷಕ್ಕ ಮುಗೀತೈತಿ' ಎಂದು ಊಟಕ್ಕೆ ಕೂತಾಗ ಹೇಳಿದ.

ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. 'ಮುಗಿಯೂವಂಥಾದು ಅದ್ಯಾವ ಸರ್ಟಿಫಿಕೇಟೋ? ನಿಮ್ಮಜ್ಜ ಮುಲ್ಕಿ ಪಾಸಾದ ಕಾಗದ ಇನ್ನೂ ಟ್ರಂಕಿನ್ಯಾಗ ಐತಿ. ಅವ್ರ ಹೋದ್ರು, ಕಾಗದ ಹೋಗಿಲ್ಲ.'

ಈತನ ಗೊಂದಲ ಬಿಡಿಸಿದ್ದು ರಾಮದುರ್ಗ. ಅಲ್ಲಿ ಸೋದರಮಾವನ ಸೀರೆ ಅಂಗಡಿ. ಹೋದ ಕೂಡಲೇ ಮಾವ ಪ್ರಿಂಟರ್ ಮುಂದೆ ನಿಲ್ಲಿಸಿದರು. 'ಇಷ್ಟ ಓದೀದಿ, ಇದು ಬಿಲ್ ಹಾಳಿ ಯಾಕ ನುಂಗ್ತೈತಿ ನೋಡು.'

'ಮಾಮಾ, ಪ್ರಿಂಟರ್ ಬರೂದು ಎ ಪ್ಲಸ್ ಸಿಲಬಸ್‌ನ್ಯಾಗ. ಭಾಳ ಸಣ್ಣದಂತ ನಾ ಅದನ್ನ ಬಿಟ್ಟೀನಿ.'

ಅಷ್ಟರಲ್ಲಿ ಅಂಗಡಿಯ ಹುಡುಗ ಸೀರೆ ಮಡಚುವುದನ್ನು ಬಿಟ್ಟು ಬಂದ. ಹಿಂದಿನ ಮುಚ್ಚಳ ತೆಗೆದ, ರೋಲರಿಗೆ ಸಿಕ್ಕ ಹಾಳೆಯ ಚೂರನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದ, ಮುಚ್ಚಳ ಹಾಕಿದ. ಬಿಲ್ ಬಂತು.

'ಯಾವ ಕೋರ್ಸ್ ಮಾಡೀಯೋ ತಮ್ಮಾ?'

'ದಿನಾ ಸಿಕ್ಕೊಂತೈತ್ರಿ ಅಣ್ಣಾ.'

ಮಾವ ಗಲ್ಲಾಪೆಟ್ಟಿಗೆ ಮುಚ್ಚುತ್ತ ಕೇಳಿದರು, 'ನಿನ್ನ ಮುಂದ ದಿನಾ ಏನ ಸಿಕ್ಕೊಂತೈತೋ?'

ಅಳಿಯ ಬೆರಳು ಮಡಚಿದ. ವಿಪಿಎನ್ ಹತ್ತುವುದಿಲ್ಲ, ವೈಫೈ ಸಿಗುವುದಿಲ್ಲ, ಡಿಎನ್‌ಎಸ್ ತಪ್ಪಿದೆ. ಹತ್ತು ದೂರಿನಲ್ಲಿ ಆರು ನೆಟ್‌ವರ್ಕಿನವೇ. ಸಿಸಿಎನ್‌ಎ ತನ್ನಷ್ಟಕ್ಕೆ ಪಟ್ಟಿಯ ಮೇಲೆ ಬಂದು ಕೂತಿತು. ನಾಳಿನ ದೊಡ್ಡ ಹುದ್ದೆ ನೋಡಿ ಆರಿಸುವವನಿಗೆ ನೂರು ದಾರಿ. ಇವತ್ತಿನ ತೊಡಕು ನೋಡಿ ಆರಿಸುವವನಿಗೆ ಒಂದೋ ಎರಡೋ.

ಈಗ ತಾರೀಖು ಗೊತ್ತಾಗಿದೆ. ಅಪ್ಪ ಕುರ್ಚಿ ಒರೆಸಿಟ್ಟಿದ್ದಾರೆ. ಆಯಿ ಟ್ರಂಕಿನಲ್ಲಿ ಜಾಗ ಮಾಡಿದ್ದಾಳೆ, ಮೂರು ವರ್ಷದ ಮಟ್ಟಿಗೆ.