ಮೂಗಿಗಿಂತ ಮಾತು ಭಾರ

ನಮ್ಮ ಮೈಸೂರು ಸೀಮೆಗೂ ಮೂಗಿಗೂ ಹಳೆಯ ವ್ಯವಹಾರ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ದಂಡು ಮಧುರೆಯ ತಿರುಮಲ ನಾಯಕನ ನಾಡಿಗೆ ನುಗ್ಗಿ, ಶತ್ರುಗಳ ತಲೆ ಬಿಟ್ಟು ಮೂಗನ್ನು ಕುಯ್ದು ತಂದಿತಂತೆ. ಟಿಪ್ಪುವಿನ ಕಾಲಕ್ಕೂ ಆ ಅಭ್ಯಾಸ ಪೂರ್ತಿ ಹೋಗಿರಲಿಲ್ಲ. ಇಂಗ್ಲಿಷರ ದಂಡಿಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ 1792ರ ಯುದ್ಧದಲ್ಲಿ ಸೆರೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ನಾಟಿ ವೈದ್ಯನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಈ ಸುದ್ದಿಯನ್ನು ಅಚ್ಚು ಹಾಕಿದ ಮೇಲೆ ಯೂರೋಪಿನ ಡಾಕ್ಟರುಗಳು ಮೂಗು ಕಟ್ಟುವ ವಿದ್ಯೆ ಕಲಿಯಲು ಕುಳಿತರು. ಇಡೀ ಮೂಗು ಹೋಗಿ ಬಂದದ್ದೇ ಇಷ್ಟರಲ್ಲಿ ಮುಗಿಯಿತು. ನನ್ನ ಮೂಗಿಗೆ ಸಾಸಿವೆ ಕಾಳಿನಷ್ಟು ತೂತು ಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಇಲವಾಲದ ನಮ್ಮ ಮನೆಯಲ್ಲಿ ಯುಗಾದಿಗೆ ಶುರುವಾಗಿ ಗೌರಿಹಬ್ಬದ ತನಕ ನಡೆಯಿತು.

ಅದು 2005. ನಾನು ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿ ಕೂತಿದ್ದೆ. ಫೆಬ್ರುವರಿಯಲ್ಲಿ ಹೈದರಾಬಾದಿನ ಟೂರ್ನಿ ಗೆದ್ದಿದ್ದ ಸಾನಿಯಾ ಮಿರ್ಜಾಳ ಫೋಟೊ ಎಲ್ಲ ಪೇಪರಿನಲ್ಲೂ ಬರುತ್ತಿತ್ತು. ಹದಿನೆಂಟರ ಹುಡುಗಿ, ಕೈಯಲ್ಲಿ ರಾಕೆಟ್ಟು, ಮೂಗಿನಲ್ಲಿ ರಿಂಗು. ಟೆನ್ನಿಸ್ ಆಡುವ ಯೋಗ್ಯತೆ ನನಗಿರಲಿಲ್ಲ, ಇಲವಾಲದಲ್ಲಿ ಅದಕ್ಕೆ ಅಂಕಣವೂ ಇರಲಿಲ್ಲ. ಮೂಗು ಮಾತ್ರ ಇತ್ತು.

ಅವ್ವ ಒಂದೇ ಮಾತಿಗೆ ತಳ್ಳಿಹಾಕಿದಳು. "ಹಳ್ಳಿ ಗುಗ್ಗು ಥರ ಕಾಣ್ತೀಯ." ಅವಳು ಮೈಸೂರಿನಲ್ಲಿ ಓದಿ ಇಲವಾಲಕ್ಕೆ ಸೊಸೆಯಾಗಿ ಬಂದವಳು. ಅವಳ ಕಾಲೇಜಿನ ದಿನಗಳಲ್ಲಿ ಮೂಗುಬೊಟ್ಟು ಅಂದರೆ ಅಜ್ಜಿಯರ ಸ್ವತ್ತು. ಹಸೆಮಣೆ ಏರುವಾಗ ಅಜ್ಜಿಯ ಹಟಕ್ಕೆ ಒತ್ತಿ ಕೂರಿಸುವ ಮೂಗುಬೊಟ್ಟು ಹಾಕಿಕೊಂಡಿದ್ದಳಂತೆ. ಧಾರೆ ಎರೆಯುವ ಹೊತ್ತಿಗೆ ಅದು ಸರಿಯಾಗಿ ತಟ್ಟೆಯೊಳಕ್ಕೆ ಬಿತ್ತು. ಅತ್ತೆ ಸೊಸೆಯರ ನಡುವೆ ಮನಸ್ತಾಪ ಬಂದಾಗಲೆಲ್ಲ ಆ ತಟ್ಟೆಯ ಸದ್ದು ಮತ್ತೆ ಕೇಳುತ್ತಿತ್ತು.

ಅಪ್ಪನನ್ನು ಕೇಳಿದರೆ, "ಎತ್ತಿಗೆ ಮೂಗುದಾರ ಹಾಕಕ್ಕೆ ನಾಲ್ಕು ಜನ ಬೇಕು, ಇದು ತಾನೇ ಬಂದು ನಿಂತದಲ್ಲ!" ಎಂದು ನಕ್ಕು, ಅವ್ವನ ಮುಖ ನೋಡಿ ಎದ್ದು ಹೋದ.

ಉಳಿದವಳು ಅಜ್ಜಿ. ಮೂಗಿನ ಎರಡೂ ಕಡೆ ಚುಚ್ಚಿಸಿಕೊಂಡಿದ್ದ ಅನುಭವಸ್ಥೆ. ಅವಳ ಪಂಚಾಂಗದಲ್ಲಿ ಎಲ್ಲವೂ ನೆಹರೂ ಬರುವ ಮುಂಚೆ ಇಲ್ಲವೇ ನೆಹರೂ ಬಂದು ಹೋದ ಮೇಲೆ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ಸಮ್ಮೇಳನ ನಮ್ಮ ಇಲವಾಲದಲ್ಲೇ ನಡೆಯಿತು. ಪ್ರಧಾನಿ ನೆಹರೂ, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಇಬ್ಬರೂ ಬಂದಿದ್ದರು. ಹೊಸದಾಗಿ ಮದುವೆಯಾಗಿದ್ದ ಅಜ್ಜಿ ನೋಡಲು ಹೋಗಿ ದೂಳನ್ನು ಮಾತ್ರ ನೋಡಿ ಬಂದಳು. ಭೂಮಿ ದಾನ ಕೊಡಿ ಎಂದು ಕೇಳುವವರು ಊರಿಗೆ ಬಂದಿದ್ದಾರೆ ಅಂತ ಗೊತ್ತಾಗಿ ಅವರತ್ತೆ ಸೊಸೆಯ ಬೇಸರಿಯನ್ನು ಬಿಚ್ಚಿಸಿ ಮಡಕೆಯಲ್ಲಿಟ್ಟಿದ್ದಳಂತೆ. ಜಮೀನಿನ ಜೊತೆಗೆ ಮೂಗಿನದನ್ನೂ ಕೇಳಿಬಿಟ್ಟರೆ?

"ನಂಗೆ ಏಳು ವರ್ಸಕ್ಕೇ ಚುಚ್ಚಿದ್ರು ಕಣವ್ವ. ನೆಹರೂ ಬರೋಕ್ಕಿಂತ ಎಷ್ಟೋ ಮುಂಚೆ. ಯಾರಾದ್ರೂ ಕೇಳಿದ್ರಾ? ಇಬ್ರು ಕಾಲು ಹಿಡ್ಕಂಡ್ರು, ಒಬ್ಳು ತಲೆ ಹಿಡ್ಕಂಡ್ಳು, ಆಚಾರಿ ಚುಚ್ದ. ಕೈಗೊಂದು ಅಚ್ಚು ಬೆಲ್ಲ ಕೊಟ್ರು. ನೀನು ನೋಡಿದ್ರೆ ಬಾಯ್ಬಿಟ್ಟು ಕೇಳ್ತಿದೀಯ!" ಕೇಳಿದ್ದೇ ಅವಳಿಗೆ ಅನುಮಾನ. ಯಾರ ಥರ ಬೇಕು ಎಂದಾಗ ಪೇಪರು ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. "ಲಂಗ ಗಿಡ್ಡ ಆಯ್ತು. ಆದ್ರೂ ಮೂಗುಬೊಟ್ಟು ಹಾಕ್ಕಂಡು ಆಡ್ತಾಳಲ್ಲ, ಒಳ್ಳೆ ಮನೆ ಮಗಳೇ ಇರ್ಬೇಕು" ಎಂದು ತೀರ್ಪು ಕೊಟ್ಟಳು. ಸಾನಿಯಾ ಅಂದೇ ನಮ್ಮ ಮನೆಯಲ್ಲಿ ಗೆದ್ದಳು.

ಹಿಂದಿನಿಂದ ಬಂದ ಸಂಪ್ರದಾಯ ಅಂತ ಅಜ್ಜಿ ಹೇಳುತ್ತಿದ್ದುದು ಎಷ್ಟು ಹಿಂದಿನದು ಎಂದು ಆಮೇಲೆ ಹುಡುಕಿದ್ದೇನೆ. ಸುಶ್ರುತ ಕಿವಿ ಚುಚ್ಚುವ ಕ್ರಮವನ್ನು ವಿವರವಾಗಿ ಹೇಳುತ್ತಾನೆ, ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ ಅಂತ. ತುಂಡಾದ ಮೂಗನ್ನು ಮತ್ತೆ ಕಟ್ಟುವುದನ್ನೂ ಹೇಳುತ್ತಾನೆ. ಚೆನ್ನಾಗಿರುವ ಮೂಗನ್ನು ಚುಚ್ಚುವ ಮಾತು ಎತ್ತುವುದಿಲ್ಲ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಿ, ಮೂಗಿನ ಒಡವೆ ನಮ್ಮಲ್ಲಿ ಒಂದು ಸಾವಿರ ವರ್ಷಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ ಎಂದು ಬರೆದರು. ಹದಿಮೂರನೆಯ ಶತಮಾನದ ಸೋಮನಾಥಪುರದ ಗುಡಿ ನಮಗೆ ದೂರವೇನಲ್ಲ, ಹೋಗಿ ನೋಡಿ. ಮೈಮೇಲೆ ಜಾಗವಿಲ್ಲದಷ್ಟು ಒಡವೆ ಹೇರಿಕೊಂಡು ನಿಂತ ಆ ಕಲ್ಲಿನ ಹೆಂಗಸರಲ್ಲಿ ಯಾರ ಮೂಗು ಮುಕ್ಕಾಗದೆ ಉಳಿದಿದೆಯೋ ಅದು ಬೋಳು. ಇದನ್ನೆಲ್ಲ ಅಜ್ಜಿಗೆ ಹೇಳಿದ್ದರೆ, "ಪಾಪ, ಅವ್ರ ಅತ್ತೇರು ಸರಿ ಇರ್ನಿಲ್ಲ" ಅನ್ನುತ್ತಿದ್ದಳು.

ಸೋತ ಅವ್ವ ಹೊಸ ತಕರಾರು ತೆಗೆದಳು. ಚುಚ್ಚಿಸುವುದಾದರೆ ಪಾರ್ಲರಿನಲ್ಲಿ ಗನ್ನಿನಿಂದ ಚುಚ್ಚಿಸಲಿ, ಆಚಾರಿ ಬೇಡ. ಅಜ್ಜಿಗೆ ಗನ್ ಎಂದರೆ ಗನ್ನೇ. "ಮಗೀನ ಮೂಗಿಗೆ ಗುಂಡು ಹೊಡಸ್ತೀಯಾ?" ಅಜ್ಜಿಯ ಹೆದರಿಕೆಗೆ ಅರ್ಥವಿಲ್ಲದಿದ್ದರೂ ಅವಳ ಪಕ್ಷ ಸರಿಯಾಗಿತ್ತು. ಆ ಪ್ಲಾಸ್ಟಿಕ್ ಗನ್ನನ್ನು ಕ್ರಿಮಿ ಸಾಯುವಷ್ಟು ಬಿಸಿಗೆ ಒಡ್ಡಲು ಆಗುವುದಿಲ್ಲ. ಅದು ಮೊಂಡು ಮೊನೆಯನ್ನು ಸ್ಪ್ರಿಂಗಿನ ಬಲದಲ್ಲಿ ನುಗ್ಗಿಸುತ್ತದೆ. ಕಿವಿಯ ಹಾಲೆ ಹೇಗೋ ತಡೆದುಕೊಂಡೀತು, ಮೃದ್ವಸ್ಥಿ ಇರುವ ಮೂಗಿಗೆ ಅದು ಸಲ್ಲದು.

ಕೊನೆಗೆ ಅಶೋಕ ರಸ್ತೆಯ ಹಿಂದಿನ ಓಣಿಯ ಆಚಾರಿಯ ಮುಂದೆ ಇಡೀ ಸಂಸಾರ ಕೂತಿತು. ಆತ ಚಿನ್ನದ ತಂತಿಯ ಮೊನೆ ತೀಡಿ, ಸ್ಪಿರಿಟ್ಟಿನಲ್ಲಿ ಅದ್ದಿ, ಬಾಲ್‌ಪೆನ್ ಹಿಡಿದು, "ಯಾವ ಕಡೆ?" ಎಂದ. ಅಜ್ಜಿ ಎರಡೂ ಕಡೆ ಎಂದಳು, ಎಂ.ಎಸ್. ಸುಬ್ಬುಲಕ್ಷ್ಮಿಯವರನ್ನು ಸಾಕ್ಷಿಗೆ ಕರೆದಳು. ಅಪ್ಪ ಬಲ ಎಂದ. ಅವ್ವ, "ಯಾವ ಕಡೇನೂ ಬೇಡ, ಎದ್ದೇಳಿ" ಎಂದಳು. ಆಚಾರಿ ಅವರೆಲ್ಲರನ್ನೂ ಬಿಟ್ಟು ನನ್ನನ್ನು ನೋಡಿದ. "ಮೂಗು ಯಾರ್ದವ್ವ? ನೀನೇ ಹೇಳು." ಎಡ ಎಂದೆ. ಹೇಳಿ ಬಾಯಿ ಮುಚ್ಚುವುದರೊಳಗೆ ಚುಚ್ಚಿ ಆಗಿತ್ತು. ಎಡಗಣ್ಣಿನಲ್ಲಿ ಮಾತ್ರ ದಳದಳ ನೀರು. ಮೂಗಿನ ನರ ಕೆಣಕಿದರೆ ಆ ಕಡೆಯ ಕಣ್ಣು ತಾನಾಗಿ ಸುರಿಯುತ್ತದೆ, ಅದು ಅಳುವಲ್ಲ ಎಂದು ಈಗ ಗೊತ್ತು. ಆಗ ಅರ್ಧ ಮುಖದಲ್ಲಿ ಅಳುತ್ತಿದ್ದ ನನ್ನನ್ನು ನೋಡಿ ಅಪ್ಪ ಹೊರಗೆ ಹೋಗಿ ನಿಂತ.

ಆಮೇಲಿನ ಕತೆಯನ್ನು ಸಾನಿಯಾ ಯಾವ ಪೇಪರಿನಲ್ಲೂ ಹೇಳಿರಲಿಲ್ಲ. ಮೂಗಿನ ತೂತು ಮಾಯಲು ತಿಂಗಳುಗಟ್ಟಲೆ ಬೇಕು. ಟವಲಿನ ನೂಲು, ವೇಲಿನ ಅಂಚು, ತಲೆ ಮೇಲಿಂದ ತೆಗೆಯುವ ಟೀ ಶರ್ಟು ಎಲ್ಲವೂ ಮೊದಲು ಅಲ್ಲಿಗೇ ಬಂದು ಸಿಕ್ಕಿಕೊಳ್ಳುತ್ತವೆ. ಹುಣಸೂರು ರಸ್ತೆಯ ಬಸ್ಸಿನಲ್ಲಿ ಸೀನು ಬಂದರೆ ದೇವರೇ ಗತಿ. ಪಕ್ಕದಲ್ಲೊಂದು ಗುಳ್ಳೆ ಎದ್ದಾಗ ಅಜ್ಜಿ ಅರಿಶಿನ ಎಣ್ಣೆ ತಂದಳು, ಡಾಕ್ಟರು ಉಪ್ಪುನೀರು ಸಾಕು, ಮುಟ್ಟಿ ತಿರುಗಿಸಬೇಡ ಎಂದರು. ಗೌರಿಹಬ್ಬಕ್ಕೆ ಬಂದ ಒಂಟಿ ಕಲ್ಲಿನ ಮೂಗುಬೊಟ್ಟನ್ನು ಪೆಟ್ಟಿಗೆಯಲ್ಲಿಟ್ಟು ದಿನಾ ನೋಡಿದ್ದೇ ಬಂತು. ಅದರ ತೂಕ ಒಂದು ಗ್ರಾಮೂ ಇಲ್ಲ. ಎರಡು ಗ್ರಾಂಗಿಂತ ಕಡಿಮೆ ಇರುವ ಒಡವೆಗೆ ಸರ್ಕಾರ ಇವತ್ತಿಗೂ ಹಾಲ್‌ಮಾರ್ಕ್ ಕಡ್ಡಾಯ ಮಾಡಿಲ್ಲ. ಲೆಕ್ಕಕ್ಕಿಲ್ಲದ ಒಡವೆ ಅಂತ ಸರ್ಕಾರವೇ ಒಪ್ಪಿದೆ, ಊರು ಒಪ್ಪಬೇಕಲ್ಲ.

ನಾನು ಹಾಕಿಕೊಂಡದ್ದು ಸಾನಿಯಾಳ ಮೂಗು. ಊರು ನೋಡಿದ್ದು ಮದುವೆಗೆ ಬಂದ ಹುಡುಗಿಯ ಮೂಗು. "ಸಂಬಂಧ ಕುದುರ್ತೇನವ್ವ?" ಅಂತ ಹಾಲಿನ ಡೈರಿಯಲ್ಲಿ ಕೇಳಿದರು. ಕಾಲೇಜಿನಲ್ಲಿ ಮೇಡಂ ಒಬ್ಬರು, "ಪಿಯುಸಿ ಆದ್ರೂ ಮುಗಿಸು" ಎಂದು ಮರುಗಿದರು. ಬಿಳಿಕೆರೆ ಕಡೆಯಿಂದ ಒಂದು ಜಾತಕವೇ ಬಂತು. ಬಂಡಾಯವೆಂದು ಹೊರಟವಳಿಗೆ ಊರು ತಲೆ ಸವರಿ ಒಳ್ಳೆ ಹುಡುಗಿ ಎಂದರೆ ಅದಕ್ಕಿಂತ ಅವಮಾನ ಇನ್ನೇನಿದೆ?

ಇದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ತದ್ವಿರುದ್ಧ ನಡೆಯುತ್ತಿತ್ತು. ಸುನಾಲಿ ಪಿಳ್ಳೆ ಎಂಬ ದಕ್ಷಿಣ ಭಾರತ ಮೂಲದ ಹುಡುಗಿ 2004ರಲ್ಲಿ ಮೂಗು ಚುಚ್ಚಿಸಿಕೊಂಡು ಶಾಲೆಗೆ ಹೋದಳು. ಅದು ತಮ್ಮ ಮನೆತನದ ಪದ್ಧತಿ ಎಂದು ತಾಯಿ, ಶಾಲೆಯ ನಿಯಮಕ್ಕೆ ವಿರುದ್ಧ ಎಂದು ಆಡಳಿತ. ಜಗಳ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. 2007ರ ಅಕ್ಟೋಬರಿನಲ್ಲಿ ಹುಡುಗಿಯ ಪರ ತೀರ್ಪು ಬಂತು. ಅಷ್ಟರಲ್ಲಿ ಅವಳು ಶಾಲೆ ಬಿಟ್ಟೂ ಆಗಿತ್ತು. ಅಲ್ಲಿ ಅಜ್ಜಿಯ ಮಾತು ಕೇಳಿದ ಮೂಗು ಪೋಕರಿ ಎನಿಸಿಕೊಂಡಿತು, ಇಲ್ಲಿ ಪೋಕರಿ ಮೂಗು ಮದುವೆಗೆ ಸಿದ್ಧ ಎನಿಸಿಕೊಂಡಿತು. ನಾವಿಬ್ಬರೂ ಶಾಲೆ ಬದಲಾಯಿಸಿಕೊಂಡಿದ್ದರೆ ಕೋರ್ಟಿನ ಖರ್ಚು ಉಳಿಯುತ್ತಿತ್ತು.

ಈಗ ನಮ್ಮಣ್ಣನ ಮಗಳು ಹುಬ್ಬು ಚುಚ್ಚಿಸಬೇಕು ಅನ್ನುತ್ತಿದ್ದಾಳೆ. "ಬಂಗಾರದಂಥ ಮೂಗಿದೆ, ಅದನ್ನ ಚುಚ್ಚಿಸ್ಕೊಳೇ, ಎಷ್ಟು ಲಕ್ಷಣ" ಎಂದು ಬುದ್ಧಿ ಹೇಳುತ್ತಿರುವವಳು ಅವ್ವ. ಅವಳ ಮೂಗು ಇವತ್ತಿಗೂ ಸೋಮನಾಥಪುರದ್ದೇ.

ಓದುಗರಲ್ಲಿ ನನ್ನದೊಂದು ವಿನಂತಿ. ಇಲವಾಲದ ಬಸ್ಸಿನಲ್ಲಿ ಹೊಸದಾಗಿ ಮೂಗೋ ಹುಬ್ಬೋ ಚುಚ್ಚಿಸಿಕೊಂಡ ಹುಡುಗಿ ಪಕ್ಕದಲ್ಲಿ ಕೂತರೆ, ಮದುವೆ ಯಾವಾಗ ಅಂತ ಕೇಳಬೇಡಿ. ಉಪ್ಪುನೀರು ಹಚ್ಚುತ್ತಿದ್ದೀಯಾ ಅಂತ ಕೇಳಿ.